ಸಮೀಕ್ಷೆಯ ಲೀಡ್ ಓದುವುದು ಹೇಗೆ: ಅಮೆರಿಕದ ಅಧ್ಯಕ್ಷ ಚುನಾವಣೆ ಇಟ್ಟುಕೊಂಡು ಒಂದು ಟಿಪ್ಪಣಿ

ಮೊದಲು ಎರಡು ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

2012ರಲ್ಲಿ ಹಲವು ಸಮೀಕ್ಷೆಗಳನ್ನು ಸೇರಿಸಿ ಸರಾಸರಿ ತೆಗೆಯುವ ರಿಯಲ್ ಕ್ಲಿಯರ್ ಪಾಲಿಟಿಕ್ಸ್ ಕೊಟ್ಟ ಕೊನೆಯ ಸರಾಸರಿಯಲ್ಲಿ ಒಬಾಮ ಅವರು ಎದುರಾಳಿ ರಾಮ್ನಿಗಿಂತ 0.7 ಪಾಯಿಂಟ್ (ಶೇಕಡಾವಾರು ಅಂಕ) ಮುಂದಿದ್ದರು. ಗೆದ್ದಿದ್ದು 3.9 ಪಾಯಿಂಟ್‌ನಿಂದ. 2016ರಲ್ಲಿ ದೇಶದ ಸರಾಸರಿ ಹಿಲರಿ ಕ್ಲಿಂಟನ್ ಅವರಿಗೆ ಸುಮಾರು 3 ಪಾಯಿಂಟ್ ಲೀಡ್ ಕೊಟ್ಟಿತ್ತು. ಒಟ್ಟು ಮತ ಎಣಿಸಿದಾಗ ಅವರು 2.1 ಪಾಯಿಂಟ್ ಮುಂದಿದ್ದರು. ಅಂದರೆ 2012ರ ತಪ್ಪು 3 ಪಾಯಿಂಟ್‌ಗೂ ಜಾಸ್ತಿ, 2016ರದ್ದು ಸುಮಾರು 1.

ಆದರೆ ಸಮೀಕ್ಷೆಗಳ ಕಥೆ ಮುಗಿಯಿತು ಅಂತ ಬೊಬ್ಬೆ ಎದ್ದದ್ದು ಯಾವಾಗ? 2016ರಲ್ಲಿ. ಯಾಕೆ ಅಂದರೆ 2012ರಲ್ಲಿ ಸಮೀಕ್ಷೆ ಹೇಳಿದವರೇ ಗೆದ್ದರು, 2016ರಲ್ಲಿ ಗೆಲ್ಲಲಿಲ್ಲ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಮೂರೂ ರಾಜ್ಯ ಸೇರಿ 80,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಟ್ರಂಪ್ ಕಡೆ ಹೋದವು. ರಾಜ್ಯವಾರು ಮತಗಳಿಂದ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜ್ ಅವರ ಕೈಗೆ ಬಂತು. ತಪ್ಪು ಎಷ್ಟು ದೊಡ್ಡದು ಅನ್ನುವುದು ಒಂದು ಪ್ರಶ್ನೆ, ಗೆದ್ದವರು ಯಾರು ಅನ್ನುವುದು ಇನ್ನೊಂದು. ಟಿವಿಯಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ಬಿಡಿಸಿ ನೋಡಬೇಕು ಅಂದರೆ ಕೆಳಗಿನ ಲೆಕ್ಕ ಗೊತ್ತಿರಬೇಕು.

ಮಾರ್ಜಿನ್ ಆಫ್ ಎರರ್, ಮತ್ತೆ ಲೀಡ್‌ನ ಮಾರ್ಜಿನ್

ಪ್ರಶ್ನೆ ಕೇಳಲು ಆರಿಸಿಕೊಂಡ ಜನರ ಗುಂಪು ಸ್ಯಾಂಪಲ್. ಅದರ ಅಂಕಿ ಬರೀ ಅದೃಷ್ಟಕ್ಕೆ ನಿಜದಿಂದ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಮಿತಿ (100ಕ್ಕೆ 95 ಸಲ ಅದರೊಳಗೇ ಇರುತ್ತದೆ) ಮಾರ್ಜಿನ್ ಆಫ್ ಎರರ್, ಚಿಕ್ಕದಾಗಿ ಮಾರ್ಜಿನ್. ಹೆಚ್ಚು ಗೊಂದಲ ಆಗುವುದು ಲೀಡ್‌ನಲ್ಲಿ.

ಮೊದಲು ನನ್ನ ಅಚ್ಚುಮೆಚ್ಚಿನ ಅಡ್ಡದಾರಿ. ಸ್ಯಾಂಪಲ್ ಸಂಖ್ಯೆಯ ವರ್ಗಮೂಲ ತೆಗೆಯಿರಿ, 100ನ್ನು ಅದರಿಂದ ಭಾಗಿಸಿ. ಬಂದದ್ದೇ ಮಾರ್ಜಿನ್. 400 ಜನ ಅಂದರೆ ವರ್ಗಮೂಲ 20, ಮಾರ್ಜಿನ್ 5. 625 ಅಂದರೆ 25, ಮಾರ್ಜಿನ್ 4. 1,600 ಅಂದರೆ 40, ಮಾರ್ಜಿನ್ 2.5. 2,500 ಅಂದರೆ 50, ಮಾರ್ಜಿನ್ 2. ಕ್ಯಾಲ್ಕುಲೇಟರೇ ಬೇಡ. ಸಾಮಾನ್ಯವಾಗಿ ಸಿಗುವ 1,000 ಜನರ ಸಮೀಕ್ಷೆಗೆ 3ಕ್ಕಿಂತ ಸ್ವಲ್ಪ ಮೇಲೆ. 400ರಿಂದ 1,600ಕ್ಕೆ ಹೋದಾಗ ಏನಾಯಿತು ನೋಡಿ. ಜನ ನಾಲ್ಕು ಪಟ್ಟು, ಮಾರ್ಜಿನ್ ಬರೀ ಅರ್ಧ. ಖರ್ಚು ಯಾಕೆ ಏರುತ್ತದೆ ಅನ್ನುವುದೂ ಇಲ್ಲೇ ತಿಳಿಯುತ್ತದೆ.

ಈಗ ಎಡವುವ ಜಾಗ. 1,000 ಜನರ ಸಮೀಕ್ಷೆಯಲ್ಲಿ ‘ಅ’ಗೆ 48, ‘ಬ’ಗೆ 45. ಮಾರ್ಜಿನ್ 3. ಲೀಡ್ 3. ಲೀಡ್ ಮಾರ್ಜಿನ್‌ನಷ್ಟೇ ಇದೆ, ಹಾಗಾದರೆ ‘ಅ’ ಗೆದ್ದಂತೆಯೇ ಅಲ್ವಾ?

ಅಲ್ಲ. ಆ 3 ಇರುವುದು ಒಬ್ಬೊಬ್ಬ ಅಭ್ಯರ್ಥಿಯ ಅಂಕಿಗೆ. ‘ಅ’ 45ರಿಂದ 51ರ ತನಕ ಎಲ್ಲಿ ಬೇಕಾದರೂ ಇರಬಹುದು, ‘ಬ’ 42ರಿಂದ 48ರ ತನಕ. ಲೀಡ್ ಅಂದರೆ ಇವೆರಡರ ವ್ಯತ್ಯಾಸ. ಸ್ಯಾಂಪಲ್‌ನಲ್ಲಿ ‘ಅ’ ಕಡೆಯವರು ಸುಮ್ನೆ ಅದೃಷ್ಟಕ್ಕೆ ನಾಲ್ಕು ಜನ ಜಾಸ್ತಿ ಸಿಕ್ಕಿದರೆ ಆ ನಾಲ್ಕು ಕುರ್ಚಿ ಹೆಚ್ಚುಕಡಿಮೆ ‘ಬ’ ಕಡೆಯಿಂದಲೇ ಖಾಲಿಯಾಗಿರುತ್ತವೆ. ಒಬ್ಬರಿಗೆ ಏರಿದ್ದು ಇನ್ನೊಬ್ಬರಿಗೆ ಇಳಿದಿರುತ್ತದೆ. ಹಾಗಾಗಿ ಲೀಡ್ ಎರಡು ಪಟ್ಟು ಅಲ್ಲಾಡುತ್ತದೆ.

ಅಂಕಿಯಲ್ಲಿ ನೋಡಿ. ನಿಜವಾದ ಸ್ಥಿತಿ ‘ಅ’ 46, ‘ಬ’ 47 ಅಂತಿಟ್ಟುಕೊಳ್ಳಿ. ಸಮೀಕ್ಷೆಯ 48ಕ್ಕೂ ನಿಜದ 46ಕ್ಕೂ ವ್ಯತ್ಯಾಸ 2, ಮಾರ್ಜಿನ್ ಒಳಗೇ ಇದೆ. 45ಕ್ಕೂ 47ಕ್ಕೂ ವ್ಯತ್ಯಾಸ 2, ಅದೂ ಒಳಗೇ. ಎರಡೂ ಅಂಕಿ ಮಾತು ಉಳಿಸಿಕೊಂಡಿವೆ. ಆದರೆ ಲೀಡ್? +3 ಇದ್ದದ್ದು −1 ಆಗಿದೆ, 4 ಪಾಯಿಂಟ್ ಜಾರಿದೆ. ಗೆದ್ದವರೇ ಬದಲಾಗಿದ್ದಾರೆ.

ಪೂರ್ತಿ ಸೂತ್ರ ಬೇಕಿದ್ದವರಿಗೆ: ಇಬ್ಬರ ಪಾಲು ಕೂಡಿಸಿ, ಅದರಿಂದ ಲೀಡ್‌ನ ವರ್ಗ ಕಳೆಯಿರಿ, ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ, 1.96ರಿಂದ ಗುಣಿಸಿ. ಇಲ್ಲಿ 0.48 + 0.45 = 0.93. ಲೀಡ್ 0.03, ಅದರ ವರ್ಗ 0.0009. ಉಳಿದದ್ದು 0.9291. 1,000ದಿಂದ ಭಾಗಿಸಿ ವರ್ಗಮೂಲ ತೆಗೆದರೆ 0.0305. 1.96ರಿಂದ ಗುಣಿಸಿದರೆ ಸುಮಾರು 0.06. ಅಂದರೆ 6 ಪಾಯಿಂಟ್. ಪೂರ್ತಿ ಲೆಕ್ಕಕ್ಕೆ ಸೂತ್ರ ಬಳಸಿ. ಪೇಪರ್ ಓದುವಾಗ ‘ಮಾರ್ಜಿನ್ ಇಂಟು ಎರಡು’ ಅಂದುಕೊಂಡರೆ ಸಾಕು. ಎರಡು ಪ್ರಮುಖ ಪಕ್ಷಗಳೇ ಬಹುಪಾಲು ಮತ ಬಾಚುವ ಅಮೆರಿಕದಲ್ಲಿ ಇದು ಚೆನ್ನಾಗಿ ಕೂರುತ್ತದೆ. ನಾಲ್ಕೈದು ಪಕ್ಷಗಳು ಮತ ಹಂಚಿಕೊಳ್ಳುವ ಕಡೆ ಎರಡು ಪಟ್ಟಿಗಿಂತ ಕಡಿಮೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಮಾರ್ಜಿನ್ ಹೇಳುವುದು ಚೀಟಿ ಎತ್ತುವ ಅದೃಷ್ಟದ ಏರುಪೇರು ಮಾತ್ರ. ಯಾರು ಫೋನ್ ಎತ್ತಲಿಲ್ಲ, ಯಾರು ಕೊನೇ ದಿನ ಮನಸ್ಸು ಬದಲಿಸಿದರು, ಇದೊಂದೂ ಅದರೊಳಗಿಲ್ಲ. ಲಿಟರರಿ ಡೈಜೆಸ್ಟ್ ಪತ್ರಿಕೆ 1936ರಲ್ಲಿ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆಯಿತು. ನಮ್ಮ ಅಡ್ಡದಾರಿಯ ಪ್ರಕಾರ ಮಾರ್ಜಿನ್ 0.1ಕ್ಕಿಂತಲೂ ಕಡಿಮೆ! ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಆರಾಮಾಗಿ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ ಸುಮಾರು ಶೇ. 61 ಮತ ಪಡೆದು 48ರಲ್ಲಿ 46 ರಾಜ್ಯ ಗೆದ್ದರು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವಲ್ಲ, ಅದು ಪಾತ್ರೆಯ ತುಂಬ ಒಂದೇ ಸಮ ಬೆಂದಿದ್ದರೆ ಮಾತ್ರ. ಡೈಜೆಸ್ಟ್ ಮೇಲಿನ ಪದರದಿಂದಲೇ 20 ಲಕ್ಷ ಅಗುಳು ತೆಗೆಯಿತು. ಟೆಲಿಫೋನ್ ಇದ್ದವರು, ಕಾರು ಇದ್ದವರು, ಅದರಲ್ಲೂ ಕಾರ್ಡ್ ತುಂಬಿ ವಾಪಸ್ ಕಳಿಸುವಷ್ಟು ಉತ್ಸಾಹ ಇದ್ದವರು.

ವಿಸ್ಕಾನ್ಸಿನ್ 2016: ಒಂದು ಸಮೀಕ್ಷೆ ಹತ್ತಿರದಿಂದ

ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಲಾ ಸ್ಕೂಲ್ ನಡೆಸುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ ಹೆಸರು ಮಾಡಿದ ಸಮೀಕ್ಷೆ. 2016ರ ಅದರ ಕೊನೆಯ ಸುತ್ತು, ಅಕ್ಟೋಬರ್ ಅಂತ್ಯದ್ದು: ಕ್ಲಿಂಟನ್ 46, ಟ್ರಂಪ್ 40. ಫಲಿತಾಂಶ: ಕ್ಲಿಂಟನ್ 46.5, ಟ್ರಂಪ್ 47.2.

ಎರಡು ಸಾಲು ಮತ್ತೊಮ್ಮೆ ಓದಿ. ಕ್ಲಿಂಟನ್ ಅಂಕಿ ಅರ್ಧ ಪಾಯಿಂಟ್ ಒಳಗೆ ಸರಿಯಾಗಿದೆ! ಏರಿದ್ದು ಟ್ರಂಪ್ ಮಾತ್ರ, 7 ಪಾಯಿಂಟ್. ಆ 7 ಎಲ್ಲಿಂದ ಬಂತು? 46ಕ್ಕೆ 40 ಕೂಡಿಸಿದರೆ 86. ಉಳಿದ 14 ಜನ ಸಣ್ಣ ಪಕ್ಷದ ಅಭ್ಯರ್ಥಿಗಳ ಹೆಸರು ಹೇಳಿದವರು, ಇನ್ನೂ ತೀರ್ಮಾನಿಸದವರು, ಹೇಳಲ್ಲ ಅಂದವರು. ಕೊನೆಯ ವಾರದಲ್ಲಿ ತೀರ್ಮಾನಿಸಿದ ವಿಸ್ಕಾನ್ಸಿನ್ ಮತದಾರರಲ್ಲಿ ದೊಡ್ಡ ಪಾಲು ಟ್ರಂಪ್ ಕಡೆ ವಾಲಿತು ಅಂತ ಸಮೀಕ್ಷಕರ ವೃತ್ತಿ ಸಂಘ ಆಪೋರ್ 2017ರ ವರದಿಯಲ್ಲಿ ಹೇಳಿದೆ. ಸುದ್ದಿಯ ತಲೆಬರಹದಲ್ಲಿ ಉಳಿದದ್ದು ‘6 ಪಾಯಿಂಟ್ ಲೀಡ್’ ಒಂದೇ. ಆ 14 ಯಾರ ಕಣ್ಣಿಗೂ ಬೀಳಲಿಲ್ಲ. ನಾನಂತೂ ಈಗ ಯಾವ ಸಮೀಕ್ಷೆ ಸಿಕ್ಕಿದರೂ ಲೀಡ್‌ಗಿಂತ ಮೊದಲು ಎರಡು ಅಂಕಿ ಕೂಡಿಸಿ 100ರಿಂದ ಕಳೆಯುತ್ತೇನೆ. ಉಳಿದದ್ದು ಲೀಡ್‌ಗಿಂತ ಜಾಸ್ತಿ ಇದ್ದರೆ ಆ ಲೀಡ್‌ಗೆ ಅಷ್ಟು ಬೆಲೆ ಕೊಡುವುದಿಲ್ಲ.

ತೂಕ ಹಾಕುವುದು

ಆಪೋರ್ ವರದಿ ಹೇಳಿದ ಎರಡನೇ ಕಾರಣ: ರಾಜ್ಯ ಮಟ್ಟದ ಹಲವು ಸಮೀಕ್ಷೆಗಳು ಓದಿನ ಮಟ್ಟಕ್ಕೆ ತಕ್ಕಂತೆ ತೂಕ ಹಾಕಿರಲಿಲ್ಲ, ಅಂದರೆ ಸ್ಯಾಂಪಲ್‌ನಲ್ಲಿ ಹೆಚ್ಚಾಗಿ ಸಿಕ್ಕ ಗುಂಪಿನ ಉತ್ತರವನ್ನು ತಗ್ಗಿಸಿ, ಕಡಿಮೆ ಸಿಕ್ಕ ಗುಂಪಿನದ್ದನ್ನು ಏರಿಸಿ ಎಣಿಸಿರಲಿಲ್ಲ. ಪದವೀಧರರು ಸಮೀಕ್ಷೆಗೆ ಹೆಚ್ಚಾಗಿ ಉತ್ತರ ಕೊಡುತ್ತಾರೆ. 2016ರಲ್ಲಿ ಅವರು ಹೆಚ್ಚಾಗಿ ಕ್ಲಿಂಟನ್ ಕಡೆಗಿದ್ದರು.

ಊಹೆಯ ಅಂಕಿ ಇಟ್ಟು ಮಾಡೋಣ. ಸ್ಯಾಂಪಲ್‌ನಲ್ಲಿ ಪದವೀಧರರು ಶೇ. 60, ಉಳಿದವರು 40. ನಿಜವಾದ ಮತದಾರರಲ್ಲಿ ಉಲ್ಟಾ, 40 ಮತ್ತು 60. ಪದವೀಧರರಲ್ಲಿ ‘ಅ’ 55, ‘ಬ’ 40. ಉಳಿದವರಲ್ಲಿ ‘ಅ’ 42, ‘ಬ’ 53. ತೂಕ ಇಲ್ಲದೆ ಲೆಕ್ಕ ಹಾಕಿದರೆ ‘ಅ’ 49.8, ‘ಬ’ 45.2, ‘ಅ’ ಆರಾಮಾಗಿ ಮುಂದೆ. ಈಗ ಪ್ರತಿ ಪದವೀಧರರ ಉತ್ತರಕ್ಕೆ 0.67, ಉಳಿದವರ ಉತ್ತರಕ್ಕೆ 1.5 ತೂಕ ಕೊಡಿ. ‘ಅ’ 47.2, ‘ಬ’ 47.8. ಒಂದೇ ಒಂದು ಫೋನ್ ಕರೆ ಹೊಸದಾಗಿ ಮಾಡಿಲ್ಲ, ಗೆಲ್ಲುವವರು ಬದಲಾದರು.

‘ನಾಚಿಕೊಂಡ ಟ್ರಂಪ್ ಮತದಾರ’ ಅನ್ನುವ ವಾದ ಆಗ ಜೋರಾಗಿತ್ತು, ಜನ ಸುಳ್ಳು ಹೇಳಿದರು ಅಂತ. ಅದಕ್ಕೆ ಆ ವರದಿಯಲ್ಲಿ ಗಟ್ಟಿ ಸಾಕ್ಷಿ ಸಿಗಲಿಲ್ಲ. ನನಗೂ ಸುಳ್ಳು ಹೇಳುವವರಿಗಿಂತ ಫೋನೇ ಎತ್ತದವರ ಚಿಂತೆ ದೊಡ್ಡದು ಅನ್ನಿಸುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ 100ಕ್ಕೆ 36 ಜನ ಉತ್ತರಿಸುತ್ತಿದ್ದರು, 2018ಕ್ಕೆ ಅದು 6. 2020ರಲ್ಲಿ ಬಹುತೇಕರು ಓದಿನ ತೂಕ ಸರಿಪಡಿಸಿಕೊಂಡಿದ್ದರು, ಆದರೂ ತಪ್ಪು 40 ವರ್ಷದಲ್ಲೇ ದೊಡ್ಡದಾಯಿತು. ಒಂದೇ ಓದು, ಒಂದೇ ವಯಸ್ಸು, ಒಂದೇ ಊರಿನ ಇಬ್ಬರಲ್ಲಿ ಫೋನ್ ಎತ್ತುವವರು ಒಂದು ಪಕ್ಷ, ಎತ್ತದವರು ಇನ್ನೊಂದು ಪಕ್ಷ ಅಂತಾದರೆ ಯಾವ ತೂಕವೂ ಕೈ ಹಿಡಿಯುವುದಿಲ್ಲ.

ಶೇ. 71 ಅನ್ನುವುದು ಮತದ ಪಾಲಲ್ಲ

2016ರ ಚುನಾವಣೆಗೆ ಮುಂಚಿನ ಕೊನೆಯ ಅಂದಾಜಿನಲ್ಲಿ ನೇಟ್ ಸಿಲ್ವರ್ ಅವರ ಚುನಾವಣಾ ಲೆಕ್ಕಾಚಾರದ ವೆಬ್‌ಸೈಟ್ ಫೈವ್‌ಥರ್ಟಿಯೈಟ್ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇ. 71 ಅಂದಿತ್ತು, ಟ್ರಂಪ್‌ಗೆ 29. ನಾಣ್ಯ ಎರಡು ಸಲ ಚಿಮ್ಮಿ ಎರಡೂ ಸಲ ತಲೆ ಬೀಳುವ ಸಾಧ್ಯತೆ 25. ಅದಕ್ಕಿಂತ ಜಾಸ್ತಿ. ನ್ಯೂಯಾರ್ಕ್ ಟೈಮ್ಸ್ ಕ್ಲಿಂಟನ್‌ಗೆ 85 ಕೊಟ್ಟಿತ್ತು, ಹಫಿಂಗ್ಟನ್ ಪೋಸ್ಟ್ 98, ಪ್ರಿನ್ಸ್‌ಟನ್‌ನ ಸ್ಯಾಮ್ ವಾಂಗ್ 99. ಎಲ್ಲರ ಕೈಯಲ್ಲಿದ್ದ ಸಮೀಕ್ಷೆಗಳು ಹೆಚ್ಚುಕಡಿಮೆ ಅವೇ! ಹಾಗಾದರೆ ಇಷ್ಟು ಅಂತರ ಯಾಕೆ?

ಮೂರು ರಾಜ್ಯ, ಪ್ರತಿಯೊಂದರಲ್ಲೂ ಸೋಲುವ ಸಾಧ್ಯತೆ ಶೇ. 20 ಅಂತಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವೇ ಇಲ್ಲ ಅಂದರೆ ಮೂರನ್ನೂ ಸೋಲುವ ಸಾಧ್ಯತೆ 0.2 × 0.2 × 0.2, ಶೇ. 0.8. ಒಂದರಲ್ಲಿ ಆದ ತಪ್ಪೇ ಮೂರರಲ್ಲೂ ಆಗುತ್ತದೆ ಅಂದರೆ ಶೇ. 20. ಮಿಷಿಗನ್‌ನಲ್ಲಿ ಫೋನ್ ಎತ್ತದವನ ನೆಂಟನೇ ವಿಸ್ಕಾನ್ಸಿನ್‌ನಲ್ಲೂ ಇರುತ್ತಾನಲ್ಲ. ಸಿಲ್ವರ್ ಮಾದರಿ ಈ ನಂಟಿಗೆ ಹೆಚ್ಚು ಬೆಲೆ ಕೊಟ್ಟಿತ್ತು. ಅಂದಹಾಗೆ, ಟ್ರಂಪ್ 240ಕ್ಕಿಂತ ಹೆಚ್ಚು ಎಲೆಕ್ಟೋರಲ್ ಮತ ಪಡೆದರೆ ಹುಳ ತಿನ್ನುತ್ತೇನೆ ಅಂದಿದ್ದ ವಾಂಗ್, ಸಿಎನ್‌ಎನ್‌ನಲ್ಲಿ ಕೂತು ಮಿಡತೆ ಜಾತಿಯ ಹುಳ ತಿಂದರು. ಆಡಿದ ಮಾತು ಉಳಿಸಿಕೊಂಡರು, ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಅಯೋವ 2024

ಆ್ಯನ್ ಸೆಲ್ಜರ್ ಅಯೋವ ರಾಜ್ಯದ ಸಮೀಕ್ಷೆಗೆ ದೊಡ್ಡ ಹೆಸರಾಗಿದ್ದವರು. 2016ರಲ್ಲಿ, 2020ರಲ್ಲಿ ಎರಡು ಸಲವೂ ಟ್ರಂಪ್ 7 ಪಾಯಿಂಟ್ ಮುಂದೆ ಅಂದಿದ್ದರು. ಬಂದದ್ದು ಸುಮಾರು 9, ಸುಮಾರು 8. 2024ರ ಚುನಾವಣೆಗೆ ಮೂರು ದಿನ ಮುಂಚೆ ಹ್ಯಾರಿಸ್ 47, ಟ್ರಂಪ್ 44 ಅಂದರು. ಟ್ರಂಪ್ 13 ಪಾಯಿಂಟ್‌ನಿಂದ ಗೆದ್ದರು. ಲೀಡ್‌ನಲ್ಲಿ ತಪ್ಪು 16. ಅವರ ಸ್ಯಾಂಪಲ್ 808, ಮಾರ್ಜಿನ್ 3.4, ಎರಡು ಪಟ್ಟು ಮಾಡಿದರೂ 6.8. ಅದೃಷ್ಟದ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಉತ್ತರಿಸಿದವರ ಗುಂಪೇ ಬೇರೆಯಾಗಿತ್ತು ಅನ್ನಬೇಕು.

ಬೇರೆ ಹಲವರು ‘ಕಳೆದ ಸಲ ಯಾರಿಗೆ ಹಾಕಿದ್ರಿ’ ಅಂತ ಕೇಳಿ ಅದಕ್ಕೂ ತೂಕ ಹಾಕುತ್ತಿದ್ದರು. ಸೆಲ್ಜರ್ ಹಾಕುತ್ತಿರಲಿಲ್ಲ. ಹಾಕಿದವರ ಅಂಕಿಗಳು ಕಳೆದ ಚುನಾವಣೆಯ ಹತ್ತಿರಕ್ಕೇ ಎಳೆದುಕೊಂಡು ಬರುತ್ತವೆ. ಆ ವರ್ಷ ಯಾವ ಪಕ್ಷದ ಕಡೆಗೂ ವಾಲಬಹುದಾದ ಸ್ವಿಂಗ್ ರಾಜ್ಯಗಳಲ್ಲಿ ಸಾಲುಸಾಲಾಗಿ ಸಮಬಲದ ಸಮೀಕ್ಷೆ ಬಂದದ್ದಕ್ಕೆ ಇದೂ ಒಂದು ಕಾರಣ. ಎಲ್ಲರೂ ಗುಂಪಿನ ಜೊತೆ ನಡೆಯುತ್ತಿದ್ದಾರೆ ಅಂತ ಸಿಲ್ವರ್ ಆಗಲೇ ದೂರಿದ್ದರು. ಬಂದ ಅಂಕಿಯನ್ನು ಬಚ್ಚಿಡದೆ ಹಾಗೇ ಪ್ರಕಟಿಸಿದ ಸೆಲ್ಜರ್ ಧೈರ್ಯ ನನಗೆ ಹಿಡಿಸುತ್ತದೆ. ಆದರೆ ಆ ವರ್ಷದ ಡಿಸೆಂಬರ್‌ನಲ್ಲಿ ಸೆಲ್ಜರ್ ಮೇಲೂ ಸಮೀಕ್ಷೆ ಪ್ರಕಟಿಸಿದ ಪತ್ರಿಕೆಯ ಮೇಲೂ ಟ್ರಂಪ್ ಮೊಕದ್ದಮೆ ಹೂಡಿದರು.

ಎಕ್ಸಿಟ್ ಪೋಲ್ ಬಗ್ಗೆ ಒಂದೇ ಮಾತು

ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯ ಇರುವುದು ಎಕ್ಸಿಟ್ ಪೋಲ್. ಅದನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಮತ ಹಾಕಿ ಬಂದವರನ್ನು ಕೇಳುತ್ತಾರೆ, ಆಮೇಲೆ ನಮ್ಮಲ್ಲಿ ಮತದ ಪಾಲನ್ನು ಸೀಟಿಗೆ ತಿರುಗಿಸುವ ಇನ್ನೊಂದು ಕಷ್ಟದ ಹಂತವಿದೆ. 2023ರ ಕರ್ನಾಟಕ ವಿಧಾನಸಭೆಯಲ್ಲಿ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್‌ಗೆ 122ರಿಂದ 140 ಅಂದಿತು, ಬಂದದ್ದು 135. ಮರುವರ್ಷ ಲೋಕಸಭೆಯಲ್ಲಿ ಅದೇ ಸಂಸ್ಥೆ ಎನ್‌ಡಿಎಗೆ 361ರಿಂದ 401 ಅಂದಿತು, ಬಂದದ್ದು 293.

ಫಲಿತಾಂಶಕ್ಕೆ ಪ್ರತಿಕ್ರಿಯೆ

ನಂಬಿಕೆ ಅನ್ನುವುದೂ ಅಳೆಯಬಹುದಾದ ವಿಷಯ. ಚುನಾವಣೆ ಸರಿಯಾಗಿ ನಡೆಯಿತಾ ಅಂತ ಪ್ಯೂ ಮತದಾರರನ್ನು ಕೇಳುತ್ತದೆ. 2020ರಲ್ಲಿ ಬೈಡನ್‌ಗೆ ಹಾಕಿದವರಲ್ಲಿ ಶೇ. 94 ಜನ ಹೌದು ಅಂದರು, ಟ್ರಂಪ್‌ಗೆ ಹಾಕಿದವರಲ್ಲಿ 21. 2024ರಲ್ಲಿ ಟ್ರಂಪ್ ಮತದಾರರಲ್ಲಿ 93, ಹ್ಯಾರಿಸ್ ಮತದಾರರಲ್ಲಿ 84. ಮತ ಎಣಿಸುವ ಪದ್ಧತಿ ನಾಲ್ಕು ವರ್ಷದಲ್ಲಿ ಅಷ್ಟೇನೂ ಬದಲಾಗಿರಲಿಲ್ಲ, ಗೆದ್ದವರು ಬದಲಾಗಿದ್ದರು. ಸೋತವರ ನಂಬಿಕೆ ಇಳಿಯುವುದು ಹಳೆಯ ಸಂಗತಿ. 94 ಎಂಬತ್ತನಾಲ್ಕಾದದ್ದು ಆ ಜಾತಿಯದು. 2020ರ 21 ಬೇರೆ ಜಾತಿಯದು, ಸೋತ ಅಭ್ಯರ್ಥಿಯೇ ಮೋಸ ನಡೆದಿದೆ ಅಂತ ತಿಂಗಳುಗಟ್ಟಲೆ ಹೇಳಿದ ವರ್ಷ ಅದು.

ಈ ಅಂಕಿಗಳು ಬಂದದ್ದೂ ಸಮೀಕ್ಷೆಯಿಂದಲೇ, ಉತ್ತರಿಸಲು ಒಪ್ಪಿದವರಿಂದಲೇ. ಹಾಗಾಗಿ 84 ನಿಜವಾಗಿ 80 ಇದ್ದರೂ ಇರಬಹುದು. ಆದರೆ 21ರಿಂದ 93ಕ್ಕೆ ಹಾರಿದ ಅಂತರಕ್ಕೆ ಮೇಲಿನ ಯಾವ ಮಾರ್ಜಿನ್ ಹಾಕಿದರೂ ಸಾಲದು, ಎರಡು ಪಟ್ಟು ಮಾಡಿದರೂ ಸಾಲದು.