ಬಜೆಟ್ ತಪ್ಪೂದು ಊಟದಾಗ ಅಲ್ಲ, ಗಡಿಯಾಗ

ಹುಬ್ಬಳ್ಳಿಯಾಗ ನಮ್ಮ ಟ್ರಾವೆಲ್ ಆಫೀಸಿಗೆ ಈಗ ಪ್ಯಾಕೇಜ್ ಟೂರ್ ಕೇಳ್ಕೊಂಡ ಬರೋರಕಿಂತ, ಬ್ಯಾಗ್ ಹಾಕ್ಕೊಂಡ ನಾವ ಹೊಕ್ಕೇವಿ, ವೀಸಾ ಟಿಕೆಟ್ ಅಷ್ಟ ನೋಡ್ರಿ ಸರ್ ಅನ್ನೋ ಹುಡುಗ್ರ ಹೆಚ್ಚ ಆಗ್ಯಾರ, ಗದಗ, ರಾಣೆಬೆನ್ನೂರ ಕಡಿಂದನೂ ಬರತಾರ. ಭಾಳ ಮಂದಿ ಮೊಬೈಲ್‌ನಾಗ ಒಂದ ಲೆಕ್ಕ ಬರಕೊಂಡ ಬಂದಿರತಾರ. ದಿನಕ್ಕ 2000 ರೂಪಾಯಿ, 30 ದಿನ, ಥೈಲ್ಯಾಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ವಿಮಾನ ಬಿಟ್ಟ 60 ಸಾವಿರದಾಗ ಮುಗೀತು ಅಂತ. ನಾ ಹೇಳೂದ ಇಷ್ಟ, ದಿನಕ್ಕ 2000 ಸಾಲತೈತಿ, ನಾಕ ದೇಶ ಮಾತ್ರ ಬ್ಯಾಡ, ಎರಡ ಸಾಕ.

ಯಾಕಂದ್ರ ಒಂದ ಊರಾಗ ಕುಂತ್ರ ಖರ್ಚ ಭಾಳ ಕಡಿಮಿ. ವಿಯೆಟ್ನಾಂ ರಾಜಧಾನಿ ಹನೋಯ್‌ನಾಗ ಹಾಸ್ಟೆಲ್ ಡಾರ್ಮಿಟರಿ ಬೆಡ್, ರಸ್ತೆ ಬಾಜೂ ಊಟ, ಸಿಟಿ ಬಸ್ಸು ಎಲ್ಲಾ ಸೇರಿ 2000ದ ಒಳಗ ಆರಾಮ ಆಗತೈತಿ. ರೊಕ್ಕ ಸೋರೂದ ದೇಶ ದಾಟೂ ದಿವಸ. ವಿಯೆಟ್ನಾಂ ಇ-ವೀಸಾ ಒಂದ ಸಲ ಒಳಗ ಹೋಗಾಕ 25 ಡಾಲರ್, ಕಾಂಬೋಡಿಯಾದ ಟೂರಿಸ್ಟ್ ವೀಸಾ 30 ಡಾಲರ್, ಇವೆರಡಕ್ಕ ನಿಮ್ಮ ಎರಡ ದಿವಸಕಿಂತ ಹೆಚ್ಚಿನ ರೊಕ್ಕ ಹೋತ. ಕಾಂಬೋಡಿಯಾದ ಸಿಯೆಮ್ ರೀಪ್ ಊರ ತನಕ ಹೋಗಿ ಅಲ್ಲಿನ ಆಂಗ್‌ಕೋರ್ ವಾಟ್ ಗುಡಿ ನೋಡ್ಲಾರ್ದ ಯಾರ ಬರತಾರ? ಅದರ ಪಾಸ್ ಒಂದ ದಿನಕ್ಕ 37, ಮೂರ ದಿನಕ್ಕ 62 ಡಾಲರ್. ಮೂರ ದಿನದ ಪಾಸ್‌ನ್ನ 10 ದಿನದೊಳಗ ಬೇಕಾದಾಗ ಬಳಸಬಹುದು, ಹಂಗಾಗಿ ಅಲ್ಲೇ ಒಂದ ವಾರ ಇರೋರಿಗೆ ಅದು ಲಾಭ, ನಾಳೆ ಬಸ್ ಹಿಡಿಯೋರಿಗೆ ಅಲ್ಲ.

ಗಡಿ ಇನ್ನೊಂದ ಥರಾನೂ ಕೈ ಕೊಡತೈತಿ. 2025ರಾಗ ಥೈಲ್ಯಾಂಡ್-ಕಾಂಬೋಡಿಯಾ ಜಗಳದಾಗ ರೋಡ್ ಗಡಿ ಬಂದ್ ಆತ, ಬ್ಯಾಂಕಾಕ್‌ನಿಂದ ಬಸ್ಸಿನಾಗ ಹೋಗಬೇಕಂದೋರು ವಿಮಾನದ ಟಿಕೆಟ್ ತಗೋಬೇಕಾತ ಇಲ್ಲಾ ಲಾವೋಸ್ ಸುತ್ತಿ ಹೋಗಬೇಕಾತ. ಅದಕ್ಕ ಹೊರಡೂ ವಾರ ಗಡಿ ಸುದ್ದಿ ನೋಡ್ರಿ, ಮುಂದಿನ ಬಸ್ಸು ಹಾಸ್ಟೆಲ್ ಎಲ್ಲಾ ಇಲ್ಲಿಂದನ ಬುಕ್ ಮಾಡಿ ಕೈ ಕಟ್ಟಿಕೋಬ್ಯಾಡ್ರಿ. ವಿಯೆಟ್ನಾಂ ಇ-ವೀಸಾ ಫಾರ್ಮ್‌ನಾಗ ಯಾವ ಏರ್‌ಪೋರ್ಟ್ ಇಲ್ಲಾ ಯಾವ ಗಡಿಯಿಂದ ಒಳಗ ಬರತೀರಿ ಅಂತ ಕೇಳತಾರ, ಅದನ್ನ ಅಂದಾಜಿನ ಮ್ಯಾಲೆ ತುಂಬಬ್ಯಾಡ್ರಿ.

ಈಗ ಎಟಿಎಂ ಮಾತು, ಇದನ್ನ ನಾ ಎಲ್ಲಾರಿಗೂ ಕುಂದರಿಸಿ ಹೇಳತೇನಿ. ಹೊರದೇಶದ ಎಟಿಎಂನಾಗ ಕಾರ್ಡ್ ಹಾಕಿದ ಮ್ಯಾಲೆ ಸ್ಕ್ರೀನ್‌ನಾಗ ಒಂದ ಪ್ರಶ್ನೆ ಬರತೈತಿ, ರೂಪಾಯಿಗೆ ಕನ್ವರ್ಟ್ ಮಾಡಿ ಕಡಿಯೂಣೋ ಬ್ಯಾಡೋ ಅಂತ. ರೂಪಾಯಿ ಕಂಡ ಕೂಡ್ಲೇ ಸಮಾಧಾನ ಅನಿಸಿ ಹೂಂ ಅಂತ ಒತ್ತತಾರ, ಅಲ್ಲೇ ಪೆಟ್ಟ ಬೀಳೂದು, ಯಾಕಂದ್ರ ಆ ರೇಟ್ ಆ ಮಷಿನ್‌ನವರು ತಮಗ ಬೇಕಾದಂಗ ಇಟ್ಟಿರತಾರ. ವಿದೌಟ್ ಕನ್ವರ್ಷನ್ ಅನ್ನೂದನ್ನ ಒತ್ತ್ರಿ, ಕಾರ್ಡ್ ಕಂಪನಿ ರೇಟ್ ಸಿಗತೈತಿ. ಥೈಲ್ಯಾಂಡ್‌ನಾಗ ಹೊರಗಿನ ಕಾರ್ಡಿಗೆ ಪ್ರತಿ ಸಲ 200 ಬಾಟ್‌ಕಿಂತ (ಬಾಟ್ ಅಂದ್ರ ಅಲ್ಲಿನ ರೊಕ್ಕ) ಹೆಚ್ಚ ಚಾರ್ಜ್ ಹಿಡೀತಾರ, ದಿನಾ ಸ್ವಲ್ಪ ಸ್ವಲ್ಪ ತೆಗೆದ್ರ ಒಂದ ಹೊತ್ತಿನ ಊಟದ ರೊಕ್ಕ ದಿನಾ ಅಲ್ಲೇ ಹೊಕ್ಕೈತಿ, ಒಮ್ಮೆ ದೊಡ್ಡ ಮೊತ್ತ ತೆಗೀರಿ. ಕಾರ್ಡಿನಾಗ ಇಂಟರ್‌ನ್ಯಾಷನಲ್ ಬಳಕೆ ನೀವ ಆನ್ ಮಾಡ್ಬೇಕು, ಊರ ಬಿಡೂಕಿಂತ ಮೊದಲ. ಕಾಂಬೋಡಿಯಾಕ್ಕ ಡಾಲರ್ ಒಯ್ಯೋರು ನೋಟ್ ಒಂದೊಂದ ತಿರುವಿ ನೋಡಿ ತಗೋರಿ, ಅಂಚು ಚೂರು ಹರದಿದ್ರೂ ಅಲ್ಲಿ ಅಂಗಡಿಯವ್ರು ವಾಪಸ್ ಕೊಡತಾರ.

ಊಟದ್ದು ನಮ್ಮ ಕಡಿ ಶಾಕಾಹಾರಿ ಮಂದಿಗೆ ನಿಜವಾದ ಚಿಂತಿ. ವಿಯೆಟ್ನಾಂನಾಗ ಚಾಯ್ (Chay) ಅಂತ ಬೋರ್ಡ್ ಇರೋ ಊಟದಂಗಡಿ ಹುಡುಕ್ರಿ, ಚಹಾ ಅಲ್ಲ, ಶಾಕಾಹಾರ ಅಂತ ಅದರ ಅರ್ಥ, ಅಲ್ಲಿ ಮಾಂಸ ಮೀನು ಹಾಕೂದಿಲ್ಲ, ರೇಟೂ ಕಡಿಮಿ. ಉಳಿದ ಕಡೆ ಬರೇ ಕಾಯಿಪಲ್ಲೆ ಕಂಡ್ರೂ ಒಳಗ ಫಿಶ್ ಸಾಸ್ ಇರತೈತಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ, ಬಸ್ಸಿನ ದಿವಸಕ್ಕ ಅದ ಆಧಾರ.

ಇನ್ಶೂರೆನ್ಸ್ ಬಿಟ್ಟ ಹೋಗಾಕ ನಾ ಯಾರಿಗೂ ಹೂಂ ಅನ್ನೂದಿಲ್ಲ. ಅಲ್ಲಿ ನಡೆಯೂ ಲೈಸೆನ್ಸ್ ನಿಮ್ಮ ಹತ್ರ ಇಲ್ಲದಾಗ ಬೈಕ್ ಬಾಡಿಗಿ ಹಿಡದ ಬಿದ್ರ ಆ ಕ್ಲೇಮ್ ತಿರಸ್ಕಾರ ಆಗತೈತಿ, ಇದನ್ನ ಅಪ್ಪ ಅವ್ವ ಎದುರಿಗೆ ಇದ್ರ ಅವ್ರಿಗೂ ಹೇಳತೇನಿ.

ಮೊದಲ್ನೇ ಸಲ ಹೋಗೋರಿದ್ರ ನೇಪಾಳದಿಂದ ಸುರು ಮಾಡ್ರಿ. ವೀಸಾ ಇಲ್ಲ, ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ, ಈ ರೇಟ್ 1993ರಿಂದ ಬದಲಾಗಿಲ್ಲ. ರೈಲಿನಾಗ ಗೋರಖ್‌ಪುರ ಮುಟ್ಟಿ, ಅಲ್ಲಿಂದ ಬಸ್ಸಿಗೆ ಸೊನೌಲಿ ಗಡಿ, ನಡಕೊಂಡ ದಾಟಬಹುದು. ಪಾಸ್‌ಪೋರ್ಟ್ ಇಲ್ಲಾ ವೋಟರ್ ಕಾರ್ಡ್ ಕಿಸೆದಾಗ ಇರಲಿ, ಬರೇ ಆಧಾರ್ ನಂಬಿ ಹೊರಡಬ್ಯಾಡ್ರಿ.