ಸುಂಕ ಅಮೆರಿಕದಲ್ಲಿ, ಬಿಸಿ ಬನಹಟ್ಟಿಯಲ್ಲಿ

2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಬಹುತೇಕ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿತು. ನಮ್ಮ ನೇಕಾರರ ಊರು ರಬಕವಿ-ಬನಹಟ್ಟಿಯ ಸೀರೆ ನ್ಯೂಯಾರ್ಕಿಗೆ ಹೋಗುವುದಿಲ್ಲ, ಅಲ್ವಾ? ಹಾಗಾದರೆ ನಮಗೇನು? ರಫ್ತಾಗದ ನೂಲು, ಬಟ್ಟೆ ಎಲ್ಲ ಒಳಗಿನ ಮಾರುಕಟ್ಟೆಗೇ ಬಂದು ಬೀಳುತ್ತದೆ. ದರ ಏರುಪೇರಾದರೆ ಮಾಲೀಕರು ಕೈ ಬಿಗಿ ಹಿಡಿಯುತ್ತಾರೆ. ಮಜೂರಿ ಮೇಲೆ ನೇಯುವವರ ಬೀಮು, ಅಂದರೆ ಮಗ್ಗಕ್ಕೆ ಹಾಕುವ ನೂಲಿನ ಉರುಳೆ, ಮುಗಿದರೆ, ಇನ್ನೊಂದು ಬರುವ ತನಕ ಮಗ್ಗ ಸುಮ್ನೆ ನಿಲ್ಲಬೇಕು.

ಬಡ ದೇಶಗಳ ಬಟ್ಟೆ ಕಂಡರೆ ಶ್ರೀಮಂತ ದೇಶಗಳಿಗೆ ಭಯ ಮೊದಲಿನಿಂದಲೂ ಇದೆ. 1961ರಲ್ಲಿ 'ಸ್ವಲ್ಪ ದಿನಕ್ಕೆ' ಎಂದು ಶುರುವಾದ ಹತ್ತಿ ಬಟ್ಟೆಯ ಕೋಟಾ (ಆಮದಿನ ಮಿತಿ) 1974ರಲ್ಲಿ ಉಣ್ಣೆ, ಪಾಲಿಯೆಸ್ಟರಿಗೂ ಹಬ್ಬಿ, 2005ರ ಜನವರಿ 1ಕ್ಕೆ ಮುಗಿಯಿತು. ಸುಂಕ ಮಾತ್ರ ಉಳಿಯಿತು. ಅಮೆರಿಕದಲ್ಲಿ ಹತ್ತಿ ಟೀ ಶರ್ಟಿಗೆ ಮಾಮೂಲಿ ಸುಂಕವೇ ಶೇ 16.5. ಕಾರಿಗೆ ದಶಕಗಳ ಕಾಲ ಇದ್ದದ್ದು ಶೇ 2.5!

ಹಾಗಂತ ನಾವು ಬರೀ ಪೆಟ್ಟು ತಿಂದವರಲ್ಲ. ಬಾಂಗ್ಲಾದೇಶವನ್ನೇ ನೋಡಿ. ತೀರಾ ಹಿಂದುಳಿದ ದೇಶ ಎಂಬ ಲೆಕ್ಕದಲ್ಲಿ ಅದರ ಅಂಗಿಗಳು ಯುರೋಪಿಗೆ ಸುಂಕವಿಲ್ಲದೆ ಹೋಗುತ್ತವೆ. ನಮ್ಮವು ಸುಂಕ ಕಟ್ಟಿಯೇ ಹೋಗುತ್ತಿದ್ದವು. ಆದರೆ ಅಲ್ಲಿ ಹತ್ತಿ ಬೆಳೆ ಕಡಿಮೆ. ಆ ಅಂಗಿಗೆ ಬೇಕಾದ ನೂಲಿನಲ್ಲಿ ದೊಡ್ಡ ಪಾಲು ಭಾರತದ್ದೇ. 2011ರಲ್ಲಿ ನಾವೂ ಅವರ 46 ಬಗೆಯ ಬಟ್ಟೆಬರೆಗೆ ಸುಂಕ ಬಿಟ್ಟೆವು. ಇಲ್ಲಿನ ಗಾರ್ಮೆಂಟ್‌ನವರು ಗೊಣಗಿದರು. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದವರು ನಮ್ಮ ನೂಲನ್ನು ಗಡಿಯ ರಸ್ತೆಯಲ್ಲಿ ತಡೆದರು. ಮೇ ತಿಂಗಳಲ್ಲಿ ನಾವು, ಅವರ ಉಡುಪು ಕೋಲ್ಕತ್ತ ಮತ್ತು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದಲೇ ಬರಲಿ ಎಂದೆವು. ಲಾರಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹಡಗು ಬೇಕಾಯಿತು. ಇದರಿಂದ ಯಾರಿಗೆ ಲಾಭವಾಯಿತೋ!

ಇನ್ನು ಹತ್ತಿ. 2021ರ ಬಜೆಟ್ಟಿನಲ್ಲಿ ಆಮದು ಹತ್ತಿಗೆ ಎಲ್ಲ ಸೇರಿ ಶೇ 11 ಸುಂಕ ಬಿತ್ತು. ಬೈಲಹೊಂಗಲ, ಸವದತ್ತಿ ಕಡೆಯ ರೈತರಿಗೆ ಅದು ಒಂದು ಆಸರೆ. ನೂಲಿನ ಮಿಲ್ಲಿಗೆ ಹೊರೆ. ಅಮೆರಿಕದ ಹೊಡೆತ ತಡೆಯಲು 2025ರ ಆಗಸ್ಟ್ 19ರಿಂದ ಅದನ್ನು ತೆಗೆದರು. ಮೊದಲು ಸೆಪ್ಟೆಂಬರ್ ಕೊನೆವರೆಗೆ ಅಂದರು, ಆಮೇಲೆ ಡಿಸೆಂಬರ್ 31ಕ್ಕೆ ಎಳೆದರು. ಮಿಲ್ಲುಗಳಿಗೆ ಉಸಿರು ಬಂತು, ನಿಜ. ಆದರೆ ನಮ್ಮ ಕಡೆಯ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವುದೂ ಅದೇ ತಿಂಗಳುಗಳಲ್ಲಿ.