ಮಾಂಜರಿಯ ತಕ್ಕಡಿ, ಟಿಕೋಟದ ದ್ರಾಕ್ಷಿ

ಪ್ರತಿ ವರ್ಷ ಫೆಬ್ರುವರಿ ಕೊನೆಗೆ ಟಿಕೋಟದಿಂದ ನಮ್ಮ ಕಾಕಾ ಒಂದು ಬಾಕ್ಸ್ ದ್ರಾಕ್ಷಿ ಕಳಿಸುತ್ತಾರೆ. ವಿಜಯಪುರದಿಂದ ಪುಣೆಗೆ ಬರುವ ರಾತ್ರಿ ಬಸ್ಸಿನಲ್ಲಿ ಇಟ್ಟು ಫೋನ್ ಮಾಡುತ್ತಾರೆ. ನಸುಕಿನಲ್ಲಿ ಹಡಪ್ಸರ್‌ನಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ಅರ್ಧ ನಮಗೆ, ಇನ್ನರ್ಧ ನಮ್ಮ ಬಿಲ್ಡಿಂಗಿನ ನಾಲ್ಕು ಕನ್ನಡದ ಮನೆಗಳಿಗೆ.

ಒಮ್ಮೆ ಪಕ್ಕದ ಮನೆಯ ಧಾರವಾಡದ ಅಕ್ಕ ಒಂದೊಂದೇ ಹಣ್ಣು ಬಿಡಿಸಿ ಬಟ್ಟೆಯಿಂದ ತಿಕ್ಕುತ್ತಾ ಕೂತಿದ್ದರು. "ಎಷ್ಟು ಎಣ್ಣಿ ಹೊಡದಾರ ನೋಡ್ರಿ, ಬೆಳ್ಳಗ ಕೂತದ" ಅಂದರು. ನಮ್ಮ ಕಡೆ ಎಣ್ಣಿ ಅಂದರೆ ಬೆಳೆಗೆ ಸಿಂಪಡಿಸುವ ಔಷಧ. ನಾನು ಕಾಕಾಗೆ ಫೋನ್ ಹಚ್ಚಿದೆ. "ಯವ್ವಾ, ಅದು ಎಣ್ಣಿ ಅಲ್ಲ, ಹಣ್ಣಿನ ಮ್ಯಾಲಿನ ಮೇಣ. ಅದು ಇತ್ತಂದ್ರ ಮಾಲು ತಾಜಾ ಐತಿ ಅಂತ ತಿಳಕೋ" ಅಂದರು ಕಾಕಾ.

ಅವರು ಹೇಳಿದ್ದು ನಿಜ. ಹಣ್ಣು ಒಳಗಿನ ನೀರು ಆರದಂತೆ ತಾನೇ ತೊಟ್ಟುಕೊಳ್ಳುವ ಮೇಣದ ಪದರ ಅದು. ಹಣ್ಣಿನ ತುಂಬ ಒಂದೇ ಸಮನೆ, ಮಂಜು ಕೂತಂತೆ ಇರುತ್ತದೆ. ಸಿಂಪಡಿಸಿದ ಔಷಧ ಒಣಗಿ ಉಳಿದರೆ ಹನಿಹನಿಯಾಗಿ, ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಆದರೆ ಇಂದಿನ ಬಹಳಷ್ಟು ಔಷಧ ಹೀಗೆ ಕಾಣುವುದೇ ಇಲ್ಲ. ನಾವು ಹೆದರುವುದು ಕಣ್ಣಿಗೆ ಕಾಣುವ ಮೇಣಕ್ಕೆ. ಹೆದರಬೇಕಾದದ್ದು ಕಾಣದೇ ಇರುವುದಕ್ಕೆ.

ಆ ಕಾಣದ್ದನ್ನು ನೋಡಲು ಕಲಿತ ಕೆಲಸದ ದೊಡ್ಡ ಪಾಲು ನಮ್ಮ ಮನೆಯ ಹತ್ತಿರವೇ ನಡೆದಿದೆ. ಹಡಪ್ಸರ್ ದಾಟಿ ಸೋಲಾಪುರ ರಸ್ತೆಯಲ್ಲಿ ಮುಂದೆ ಹೋದರೆ ಮಾಂಜರಿ. ಅಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ಶುರುವಾದದ್ದು 1997ರಲ್ಲಿ. ದ್ರಾಕ್ಷಿಗೆ ಔಷಧ ಹೊಡೆಯುವ ಕಥೆ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು.

1870ರ ದಶಕದ ಕೊನೆಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಅಮೆರಿಕದಿಂದ ಶಿಲೀಂಧ್ರದಂಥ ಜೀವಿಯ ಒಂದು ರೋಗ ಬಂತು. ಇಂಗ್ಲಿಷಿನ ಡೌನಿ ಮಿಲ್ಡ್ಯೂ. ನಮ್ಮ ವಿಜಯಪುರ ಕಡೆ ಇದನ್ನೇ ದಾವಣಿ ರೋಗ ಅನ್ನುತ್ತಾರೆ. ಬೋರ್ಡೋ ವಿಶ್ವವಿದ್ಯಾಲಯದ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಒಂದು ವಿಚಿತ್ರ ಕಂಡರು. ಎಲ್ಲ ಬಳ್ಳಿಗಳ ಎಲೆ ಉದುರಿದ್ದರೂ ರಸ್ತೆ ಪಕ್ಕದ ಸಾಲುಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ಆ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಬಳಿದಿದ್ದರಂತೆ. 1885ರ ಹೊತ್ತಿಗೆ ಅವರು ಅದನ್ನು ಔಷಧವಾಗಿಸಿ ಜಗತ್ತಿಗೆ ತಿಳಿಸಿದರು. ಅದೇ ಬೋರ್ಡೋ ದ್ರಾವಣ. ಮಲೆನಾಡಿನಲ್ಲಿ ಅಡಿಕೆಗೆ ಇಂದಿಗೂ ಹೊಡೆಯುವುದು ಇದನ್ನೇ. ಅದು ನೀಲಿ ಬಣ್ಣದ ಔಷಧ, ಯಾರ ಕಣ್ಣಿಗೂ ಬೀಳುತ್ತಿತ್ತು. ಕಳ್ಳರು ಹೆದರಿದ್ದೂ ಅದಕ್ಕೇ ಅಲ್ವಾ?

ಆಮೇಲೆ ಬಂದವು ಕಾಣದ ಔಷಧಗಳು. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಅಂತ 1939ರಲ್ಲಿ ಗೊತ್ತಾಯಿತು. ಮುಂದಿನ 20 ವರ್ಷ ಅದನ್ನು ಧಾರಾಳವಾಗಿ ಹೊಡೆದರು. ಎಷ್ಟು ಉಳಿದಿದೆ ಅಂತ ಅಳೆಯುವ ಸೂಕ್ಷ್ಮ ಸಾಧನವೇ ಕೈಯಲ್ಲಿರಲಿಲ್ಲ. 1957ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಒಂದು ಪುಟ್ಟ ಪತ್ತೆ ಸಾಧನ ಮಾಡಿದರು, ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ಕ್ಲೋರಿನ್ ಇರುವ ಅಣುಗಳನ್ನು ಅದು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತಿತ್ತು. ಅಂಥ ಸಾಧನ ಕೈಗೆ ಸಿಕ್ಕ ಮೇಲೆ ವಿಜ್ಞಾನಿಗಳು ನೋಡಿದಲ್ಲೆಲ್ಲ ಡಿಡಿಟಿ ಕಾಣಿಸಿತು. ಯಾರೂ ಔಷಧ ಹೊಡೆಯದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಮೈಯಲ್ಲೂ ಇತ್ತು.

ನಮ್ಮ ದೇಶಕ್ಕೆ ಎಚ್ಚರ ಬಂದದ್ದು ಸಾವುಗಳಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಿಟ್ಟು ಮತ್ತು ವಿಷ ಒಂದೇ ಹಡಗಿನಲ್ಲಿ ಬಂದಿದ್ದವು. ಆ ದುರಂತದ ನಂತರದ ಚರ್ಚೆಗಳಿಂದಲೇ 1968ರ ಕೀಟನಾಶಕ ಕಾಯ್ದೆ ಬಂತು. ಯಾವ ಔಷಧವನ್ನು ಯಾವ ಬೆಳೆಗೆ ಮಾರಬಹುದು ಅನ್ನುವುದಕ್ಕೆ ನೋಂದಣಿ ಬೇಕಾಯಿತು.

ಈಗ ದ್ರಾಕ್ಷಿಗೆ ಬರೋಣ. ತೋಟದ ಕಷ್ಟ ನೋಡದೆ ರೈತರನ್ನು ಬೈಯುವುದು ಸುಲಭ. ನಮ್ಮ ಸೀಮೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲಿಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಎಳೆ ಚಿಗುರು ಬರುವ ಹೊತ್ತಿಗೇ ಹಿಂಗಾರು ಮಳೆ ಬರುತ್ತದೆ. ಎಲೆ ಮೇಲೆ ಕೆಲವು ತಾಸು ನೀರು ನಿಂತರೆ ದಾವಣಿ ಹತ್ತಿತು ಅಂತಲೇ ಲೆಕ್ಕ. ನಸುಕಿನಲ್ಲಿ ಎಲೆ ಮಗುಚಿ ನೋಡಿದರೆ ಹತ್ತಿಯಂಥ ಬಿಳಿ ಬೂಷ್ಟು. ಅದು ಗೊಂಚಲಿಗೆ ಇಳಿದರೆ ಒಂದು ವಾರದಲ್ಲಿ ವರ್ಷದ ಸಾಲ ಉಳಿದು ಹಣ್ಣು ಹೋಗುತ್ತದೆ. ಮೋಡ ಕಂಡ ರಾತ್ರಿ ನಮ್ಮ ಕಾಕಾ ನಿದ್ದೆ ಮಾಡುವುದಿಲ್ಲ. ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿ ಎರಡು ಗಂಟೆಗೆ ತೋಟಕ್ಕೆ ಹೋಗಿಬಿಡುತ್ತಾರೆ. ದಾವಣಿ ಮುಗಿದರೆ ಬೂದಿ ರೋಗ, ಅದು ಮುಗಿದರೆ ನುಸಿ, ಹಿಟ್ಟು ತಿಗಣೆ. ಹೀಗಾಗಿ ದ್ರಾಕ್ಷಿಗೆ ಹೊಡೆಯುವ ಔಷಧದ ಪಟ್ಟಿ ಜಾಸ್ತಿ.

ಇದು 2003ರಲ್ಲಿ ಯುರೋಪಿನಲ್ಲಿ ಸಿಕ್ಕಿಬಿತ್ತು. ಅಲ್ಲಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಮೆಥೋಮಿಲ್ ಎಂಬ ಕೀಟನಾಶಕದ ಉಳಿಕೆ ಮಿತಿಗಿಂತ ಹೆಚ್ಚಿತ್ತು. ಮಾಲು ತಿರಸ್ಕಾರವಾಯಿತು. ರಫ್ತು ನೋಡಿಕೊಳ್ಳುವ ಅಪೆಡಾ ಸಂಸ್ಥೆ ಉಳಿಕೆ ತಪಾಸಣೆಯ ಯೋಜನೆ ಮಾಡಿತು. ಮಾಂಜರಿಯ ಕೇಂದ್ರದ ಲ್ಯಾಬ್ ಅದಕ್ಕೆ ರಾಷ್ಟ್ರೀಯ ಪರಾಮರ್ಶೆ ಪ್ರಯೋಗಾಲಯವಾಯಿತು. ಅಂದರೆ ಬೇರೆ ಲ್ಯಾಬ್‌ಗಳು ಹೇಗೆ ಅಳೆಯಬೇಕು, ಸರಿಯಾಗಿ ಅಳೆಯುತ್ತಿವೆಯೇ ಅಂತ ನೋಡುವ ಲ್ಯಾಬ್.

ಅಳತೆ ಎಷ್ಟು ಸಣ್ಣದು ಅಂತ ಒಮ್ಮೆ ಯೋಚಿಸಿ. ಬೇರೆ ಮಿತಿ ಹೇಳದ ಔಷಧಕ್ಕೆ ಯುರೋಪಿನ ಮಿತಿ ಒಂದು ಕಿಲೋ ಹಣ್ಣಿಗೆ 0.01 ಮಿಲಿಗ್ರಾಂ. ಒಂದು ಟನ್ ದ್ರಾಕ್ಷಿಯಲ್ಲಿ 10 ಮಿಲಿಗ್ರಾಂ ಆಯಿತು. ನಾವು ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೂಗುತ್ತದೆ.

ಹಿಂದೆ ಇಂಥ ಒಂದು ಪರೀಕ್ಷೆಗೆ ಲೀಟರುಗಟ್ಟಲೆ ದ್ರಾವಕ, ದಿನಗಟ್ಟಲೆ ಸಮಯ ಬೇಕಿತ್ತು. 2003ರಲ್ಲೇ ಅನಸ್ತಾಸಿಯಾಡಿಸ್, ಲೆಹೋಟೆ ಎಂಬ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಕ್ಯಾಚರ್ಸ್ ಎಂಬ ವಿಧಾನ ಪ್ರಕಟಿಸಿದರು. ಹಣ್ಣನ್ನು ರುಬ್ಬಿ, ಒಂದೇ ಕೊಳವೆಯಲ್ಲಿ ದ್ರಾವಕ ಮತ್ತು ಲವಣ ಹಾಕಿ ಕುಲುಕಿದರೆ ಬಹಳಷ್ಟು ಔಷಧಗಳು ಒಟ್ಟಿಗೆ ಹೊರಗೆ ಬರುತ್ತವೆ. ಪುಣೆಯ ತಂಡ 2007ರಲ್ಲಿ ಪ್ರಕಟಿಸಿದ ತನ್ನ ವಿಧಾನದಲ್ಲಿ ಈಥೈಲ್ ಅಸಿಟೇಟ್ ಎಂಬ ದ್ರಾವಕವನ್ನು ಆರಿಸಿಕೊಂಡಿತು. 10 ಗ್ರಾಂ ರುಬ್ಬಿದ ಹಣ್ಣು, 10 ಮಿಲಿಲೀಟರ್ ದ್ರಾವಕ. ಜೋರಾಗಿ ಕಲಸಿ, ಗಿರಗಿರ ತಿರುಗಿಸಿದರೆ ಸಿಪ್ಪೆ, ತಿರುಳು ತಳಕ್ಕೆ ಕೂರುತ್ತವೆ. ಔಷಧ ಇದ್ದರೆ ಮೇಲಿನ ತಿಳಿಯಲ್ಲಿರುತ್ತದೆ. ಹಣ್ಣಿನ ಹುಳಿ ಮತ್ತಿತರ ಅಡ್ಡಿ ತೆಗೆಯಲು ಒಂದು ಬಗೆಯ ಪುಡಿ ಹಾಕುತ್ತಾರೆ. ಉಳಿದ ತಿಳಿ ಯಂತ್ರಕ್ಕೆ ಹೋಗುತ್ತದೆ.

ಯಂತ್ರ ಮಾಡುವುದು ತೂಕದ ಕೆಲಸ. ಅದನ್ನು ನಾನು ತಕ್ಕಡಿ ಅಂತಲೇ ಅಂದುಕೊಂಡಿದ್ದೇನೆ. ಮೊದಲು ಸಣ್ಣ ನಳಿಕೆಯಲ್ಲಿ ಹರಿಸಿ ಅಣುಗಳನ್ನು ಹಿಂದೆ ಮುಂದೆ ಮಾಡುತ್ತದೆ. ಆಮೇಲೆ ಅವಕ್ಕೆ ವಿದ್ಯುತ್ ಹತ್ತಿಸಿ ಒಂದೊಂದನ್ನೂ ತೂಗುತ್ತದೆ. ಬೇಕಾದ ತೂಕದ ಅಣುವನ್ನು ಹಿಡಿದು, ಒಡೆದು, ಚೂರುಗಳನ್ನು ಮತ್ತೆ ತೂಗುತ್ತದೆ. ಎರಡು ಬೇರೆ ಅಣುಗಳ ತೂಕ ಒಂದೇ ಇರಬಹುದು. ಚೂರುಗಳ ತೂಕವೂ ತಾಳೆಯಾದರೆ ಗುರುತು ಗಟ್ಟಿ.

2006ರಲ್ಲಿ ಅಪೆಡಾ ರಫ್ತಿನ ದ್ರಾಕ್ಷಿಯ ಜಾಡು ಇಡುವ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಶುರು ಮಾಡಿತು. ರಫ್ತಿಗೆ ಹೋಗುವ ಪ್ರತಿ ತೋಟಕ್ಕೂ ನೋಂದಣಿ, ಒಂದು ನಂಬರ್. ಕೊಯ್ಯುವ ಮುಂಚೆ ಲ್ಯಾಬಿನವರೇ ಬಂದು ಮಾದರಿ ತೆಗೆದುಕೊಂಡು ಹೋಗಬೇಕು. ಪಾಸಾದರೆ ಮಾತ್ರ ಆ ತೋಟದ ಹಣ್ಣು ಪ್ಯಾಕಿಂಗಿಗೆ ಹೋಗುತ್ತದೆ. ಫೇಲಾದರೆ ಆ ನಂಬರಿನ ಮೇಲೆ ತಡೆ ಬೀಳುತ್ತದೆ. ವಿದೇಶದ ಅಂಗಡಿಯಲ್ಲಿ ಒಂದು ಬಾಕ್ಸ್ ಮೇಲೆ ಸಂಶಯ ಬಂದರೆ ಅದು ಯಾವ ಊರಿನ, ಯಾರ ತೋಟದ್ದು ಅಂತ ಹಿಂದಕ್ಕೆ ಹುಡುಕಬಹುದು. ನಮ್ಮ ದೇಶದಲ್ಲಿ ಆಹಾರಕ್ಕೆ ಸಂಬಂಧಿಸಿ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ಮನಸಾರೆ ನಂಬುತ್ತೇನೆ.

ಆದರೂ 2010ರಲ್ಲಿ ಪೆಟ್ಟು ಬಿತ್ತು. ಯುರೋಪಿನ ಲ್ಯಾಬ್‌ಗಳಿಗೆ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಸಿಕ್ಕಿತು. ರೈತರ ಬಾಯಲ್ಲಿ ಇದು ಸಿಸಿಸಿ. ಹುಳುವಿಗೋ ರೋಗಕ್ಕೋ ಹೊಡೆಯುವುದಲ್ಲ ಇದು. ಏಪ್ರಿಲ್ ಚಾಟ್ನಿ ಆದ ಮೇಲೆ ಕಡ್ಡಿ ಸುಮ್ನೆ ಉದ್ದುದ್ದ ಬೆಳೆಯದಿರಲಿ, ಕಡ್ಡಿಯ ಕಣ್ಣುಗಳಲ್ಲಿ, ಅಂದರೆ ಮೊಗ್ಗುಗಳಲ್ಲಿ, ಗೊಂಚಲು ಕಟ್ಟಲಿ ಅಂತ ಹೊಡೆಯುವುದು. ಬೇಸಿಗೆಯಲ್ಲಿ ಕಡ್ಡಿಗೆ ಹೊಡೆದದ್ದು ಮುಂದಿನ ವರ್ಷದ ಹಣ್ಣಿನಲ್ಲಿ ಕಾಣುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ಅದರ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ನಮ್ಮ ತಪಾಸಣೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೇಲಾಗಿ ಈ ಅಣು ನೀರಿಗೆ ಅಂಟಿಕೊಳ್ಳುವ ಜಾತಿ. ಕುಲುಕಿದಾಗ ಬೇರೆ ಔಷಧಗಳ ಜೊತೆ ದ್ರಾವಕಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ವಿಧಾನವೇ ಬೇಕು. ಅಷ್ಟು ಚೂಪು ಕಣ್ಣಿನ ಯಂತ್ರವೂ ಹುಡುಕು ಅಂದದ್ದನ್ನು ಮಾತ್ರ ಹುಡುಕುತ್ತದೆ.

ಕಂಟೇನರುಗಳು ಬಂದರುಗಳಲ್ಲಿ ಸಿಕ್ಕಿಕೊಂಡವು. ಆ ವರ್ಷ ಕಾಕಾನ ಎರಡು ಎಕರೆ ಮಾಲನ್ನು ಒಬ್ಬ ರಫ್ತುದಾರರು ಒಪ್ಪಿಕೊಂಡಿದ್ದರು. ಅರ್ಧ ಕೊಯ್ದಿದ್ದರು. ಒಂದು ಮಧ್ಯಾಹ್ನ ಫೋನ್ ಬಂತು, ಕತ್ತರಿ ನಿಲ್ಲಿಸಿ ಅಂತ. ಕೂಲಿಯವರು ಬುಟ್ಟಿ ಪಕ್ಕ ಕೂತೇ ಇದ್ದರು. ಸಕ್ಕರೆ ಏರಿದ ಹಣ್ಣು ಬಳ್ಳಿಯಲ್ಲಿ ಕಾಯುವುದಿಲ್ಲ. ಉಳಿದದ್ದನ್ನೆಲ್ಲ ಕಾಕಾ ಒಣದ್ರಾಕ್ಷಿಗೆ ಹಾಕಿದರು. "ಎಣ್ಣಿ ಹೊಡಿಯೋ ಮುಂದ ಅಂಗಡಿಯಾವ ಹೇಳಲಿಲ್ಲ, ಪಟ್ಟಿಯಾಗೂ ಇರಲಿಲ್ಲ. ನಾ ಯಾರನ್ನ ಕೇಳ್ಬೇಕಿತ್ತು?" ಅಂತ ಅವರು ಕೇಳಿದ್ದಕ್ಕೆ ಇಂದಿಗೂ ನನ್ನ ಹತ್ತಿರ ಉತ್ತರ ಇಲ್ಲ. ಆಮೇಲೆ ಸಿಸಿಸಿ ತಪಾಸಣೆಯ ಪಟ್ಟಿಗೆ ಸೇರಿತು.

ಪತ್ತೆ ಮಾಡಿದರಷ್ಟೇ ಸಾಲದು, ಕಡಿಮೆಯೂ ಆಗಬೇಕು. ಅದಕ್ಕೆ ಹೆಚ್ಚು ಉಪಯೋಗವಾದದ್ದು ತೀರಾ ಸಾದಾ ಕೆಲಸ. ತೋಟದಲ್ಲಿ ಒಂದು ಔಷಧ ಹೊಡೆದು, ಅಂದೇ, ಮರುದಿನ, ಮೂರನೇ ದಿನ, ವಾರದ ನಂತರ, ಹೀಗೆ ಹಣ್ಣು ತಂದು ಅಳೆಯುತ್ತಾ ಹೋಗುವುದು. ಬಿಸಿಲು, ಗಾಳಿ, ಹಣ್ಣಿನ ಬೆಳವಣಿಗೆ ಎಲ್ಲ ಸೇರಿ ಔಷಧ ಕರಗುತ್ತದೆ. ಅರ್ಧ ಆಗಲು ಎಷ್ಟು ದಿನ, ಮಿತಿಯ ಕೆಳಗೆ ಇಳಿಯಲು ಎಷ್ಟು ದಿನ ಅಂತ ಲೆಕ್ಕ ಸಿಗುತ್ತದೆ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳು ಅವು. ಫ್ರಾನ್ಸಿನ ಬಿಸಿಲಿನ ಲೆಕ್ಕ ನಮ್ಮ ಸಾಂಗಲಿ, ವಿಜಯಪುರಕ್ಕೆ ಹೊಂದುವುದಿಲ್ಲ. ಹಾಗಾಗಿ ಇಲ್ಲೇ ಅಳೆಯಬೇಕಾಯಿತು. ಯಾವ ಔಷಧ, ಎಷ್ಟು, ಎಷ್ಟು ದಿನ ಮುಂಚೆ ಅನ್ನುವ ಪಟ್ಟಿ ಈಗ ರಫ್ತು ಬೆಳೆಗಾರರ ಕೈಯಲ್ಲಿದೆ. ಕಾಕಾ ಅದನ್ನು ಪಂಪ್‌ಹೌಸಿನ ಬಾಗಿಲ ಹಿಂದೆ ಅಂಟಿಸಿದ್ದಾರೆ.

ಮನೆಯಲ್ಲಿ ತೊಳೆದರೆ ಹೋಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ನೋಡಿದರು. ಲೀಟರ್ ನೀರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಚಹಾ ಚಮಚ ಅಡುಗೆ ಸೋಡಾ ಹಾಕಿ 12ರಿಂದ 15 ನಿಮಿಷ ನೆನೆಸಿದಾಗ ಅವರು ಪ್ರಯತ್ನಿಸಿದ ಎರಡು ಔಷಧಗಳು ಸಿಪ್ಪೆ ಮೇಲಿಂದ ಹೋದವು. ಸಿಪ್ಪೆಯೊಳಗೆ ಇಳಿದದ್ದು ಉಳಿಯಿತು. ಅದು ಸೇಬು, ಎರಡೇ ಔಷಧ. ದ್ರಾಕ್ಷಿಗೂ ಅದೇ ಲೆಕ್ಕ ಅಂತ ಹೇಳಲಾಗದು. ನಾನಂತೂ ಹಾಗೆ ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ತೊಳೆದೇ ಮಕ್ಕಳಿಗೆ ಕೊಡುತ್ತೇನೆ. ಒಣದ್ರಾಕ್ಷಿಯದ್ದು ಬೇರೆ ಮಾತು. ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗುತ್ತದೆ. ಕೆಲವು ಔಷಧ ಅದ್ದುವಾಗ, ಒಣಗುವಾಗ ಹೋಗುತ್ತವೆ. ಹೋಗದವು ನೀರು ಆರಿದಷ್ಟೂ ಗಟ್ಟಿಯಾಗುತ್ತವೆ. ಅದಕ್ಕೇ ಒಣದ್ರಾಕ್ಷಿ ಬೆಳೆಗೂ ಬಿಡುವಿನ ದಿನ ಅಷ್ಟೇ ಮುಖ್ಯ.

ನಾವು ತಿನ್ನುವ ಹಣ್ಣಿಗೆ ಕಾನೂನು ಇಲ್ಲ ಅಂತಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಮಿತಿಗಳಿವೆ. ಮಾರುಕಟ್ಟೆಗಳಿಂದ ಮಾದರಿ ತೆಗೆದು ನೋಡುವ ಕೇಂದ್ರದ ಯೋಜನೆ 2005-06ರಿಂದ ನಡೆದಿದೆ. ಆದರೆ ಮಾರುಕಟ್ಟೆಯಲ್ಲಿ ತೆಗೆದ ಮಾದರಿಯ ಫಲಿತಾಂಶ ಬರುವ ಹೊತ್ತಿಗೆ ಹಣ್ಣು ತಿಂದು ಮುಗಿದಿರುತ್ತದೆ. ರಫ್ತಿಗೆ ಇರುವ ಹಾಗೆ ಕೊಯ್ಯುವ ಮುಂಚಿನ ತಡೆ ಇಲ್ಲಿಲ್ಲ.

ಹೋದ ಮಾರ್ಚಿನಲ್ಲಿ ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ದ್ರಾಕ್ಷಿ ಬಾಕ್ಸಿನ ಮೇಲೆ ವ್ಯಾಪಾರಿಯ ಗುರುತು ಮತ್ತು ತೂಕ ಇತ್ತು. ಎಲ್ಲಿಯ ಮಾಲು ಅಂದೆ. "ತಾಸಗಾಂವ್" ಅಂದರು. ಯಾರ ತೋಟ ಅಂದೆ. ಅವರಿಗೂ ಗೊತ್ತಿರಲಿಲ್ಲ, ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ರಫ್ತಿನ ತೋಟದಲ್ಲಿ ಗಾತ್ರ ಸಾಲದ, ಬಣ್ಣ ಹೊಂದದ ಗೊಂಚಲುಗಳೂ ಇಂಥ ಮಾರುಕಟ್ಟೆಗೇ ಬರುತ್ತವೆ. ಆ ಬಳ್ಳಿಗೆ ನಂಬರ್ ಇದೆ, ಆ ಹಣ್ಣಿನ ಪರೀಕ್ಷೆ ಆಗಿದೆ. ಬಾಕ್ಸ್ ಬದಲಾಗುವಾಗ ಅದು ಕಳೆದುಹೋಗುತ್ತದೆ. ಅದೇ ನಂಬರನ್ನು ಈ ಬಾಕ್ಸಿಗೂ ಅಂಟಿಸಲು ಹೊಸ ಯಂತ್ರವೇನೂ ಬೇಕಿಲ್ಲ.